ಸಂಪಿಗೆದಡಿ ಸೇತುವೆಯ ಕೆಳಗೆ ಧರ್ಣಪ್ಪ

ಬೆಳಗ್ಗೆ ಆರಕ್ಕೆ ಇನ್ನೂ ಕಾಲು ಗಂಟೆ ಇದೆ. ಸಂಪಿಗೆದಡಿ ಸೇತುವೆಯ ಮೂರನೇ ಕಂಬದ ಬುಡದಲ್ಲಿ ಧರ್ಣಪ್ಪ ಎದೆಮಟ್ಟದ ನೀರಿನಲ್ಲಿ ನಿಂತಿದ್ದಾರೆ. ಡಿಸೆಂಬರಿನ ಹೊಳೆ, ಮೇಲೆ ಮಂಜು ಹೊಗೆಯಾಡುತ್ತಿದೆ. ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ಎರಡು ಮಾರು ದೂರ ಹೋಗಿ ಅಲ್ಲೇ ಕರಗುತ್ತದೆ. ಕೈಯಲ್ಲಿ ಬಿದಿರಿನ ಗಳ, ಗಳದ ತುದಿಗೆ ಕಬ್ಬಿಣದ ಕೊಕ್ಕೆ. ಆದರೆ ಅವರು ಹುಡುಕುವುದು ಕೊಕ್ಕೆಯಿಂದಲ್ಲ, ಪಾದದಿಂದ. ಬರಿಗಾಲಿನಲ್ಲಿ ತಳವನ್ನು ತಡವುತ್ತ, ಗೇಣು ಗೇಣಾಗಿ ಸರಿಯುತ್ತಾರೆ.

“ಕಲ್ಲಾದರೆ ಕಾಲನ್ನು ಹಿಂದೆ ದೂಡ್ತದೆ. ಗೋಣಿಯಾದರೆ ಕಾಲು ಒಳಗೆ ಹೋಗ್ತದೆ,” ಎನ್ನುತ್ತಾರೆ. ಗಮ್ ಬೂಟು ಹಾಕಿಯೂ ನೋಡಿದ್ದಾರೆ. ಬೂಟಿಗೆ ಏನೂ ಗೊತ್ತಾಗುವುದಿಲ್ಲವಂತೆ. ಎಡಪಾದದಲ್ಲಿ ಬಾಟಲಿಯ ಚೂರು ಹೊಕ್ಕ ಮೂರು ಗಾಯಗಳ ಗುರುತು ಇದೆ.

ಕಾಲು ಎಲ್ಲೋ ಒಳಗೆ ಹೋಗುತ್ತದೆ. ಅವರು ಕೊಕ್ಕೆ ಇಳಿಸಿ, ತಿರುಗಿಸಿ, ಎಳೆಯುತ್ತಾರೆ. ಪಾಚಿ ಹಿಡಿದ ಗೊಬ್ಬರದ ಗೋಣಿಯೊಂದು ಕೆಸರು ಕಕ್ಕುತ್ತ ಮೇಲೆ ಬರುತ್ತದೆ. ದಡಕ್ಕೆ ತಂದು, ಬೆಳಕು ಹಿಡಿದು, ಬಾಯಿಗೆ ಬಿಗಿದ ನೀಲಿ ಹಗ್ಗವನ್ನು ನೋಡುತ್ತಾರೆ. ಒಳಗೆ ಉಳಿದಿರುವುದು ಕೋಳಿಯ ಎಲುಬು, ಕಪ್ಪು ಮಣ್ಣು. ಆರೇಳು ವರ್ಷದ ಹಿಂದಿನದು.

“ಇದು ನನ್ನದೇ. ನಾನು ಬಿಸಾಡಿದ್ದು,” ಎನ್ನುತ್ತಾರೆ ಧರ್ಣಪ್ಪ. “ನನ್ನ ಗಂಟು ನನಗೆ ಗೊತ್ತಾಗುವುದಿಲ್ಲವಾ?”

ಧರ್ಣಪ್ಪನವರಿಗೆ ಈಗ ಐವತ್ತಾರು. ಕುಳ್ಳ ಮೈಕಟ್ಟು, ನರೆತ ಕುರುಚಲು ಗಡ್ಡ, ಒಂದು ಕಡೆ ನಿಲ್ಲಲಾರದ ಕಾಲು. ಹುಟ್ಟಿದ್ದು ವಿಟ್ಲದ ಕಡೆ. ಮದುವೆಯಾದ ಮೇಲೆ ಹೆಂಡತಿ ಜಲಜಾಕ್ಷಿಯ ಊರಾದ ಸಂಪಿಗೆದಡಿಗೆ ಬಂದು ನೆಲೆ ನಿಂತರು. ಶಿರ್ತಾಡಿಯಿಂದ ಒಳದಾರಿ ಹಿಡಿದರೆ ಸಿಗುವ ಸಣ್ಣ ಪೇಟೆ ಅದು. ಪೇಟೆಯ ಬೆನ್ನಿಗೇ ಹೊಳೆ. ಮಳೆಗಾಲದಲ್ಲಿ ಸೇತುವೆಯ ಕಂಬ ಮುಳುಗುವಷ್ಟು ಉಕ್ಕಿ, ಬೇಸಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಜಿಗಿಯುವಷ್ಟು ಸೊರಗಿ, ಮುಂದೆಲ್ಲೋ ಫಲ್ಗುಣಿಯನ್ನು ಸೇರುತ್ತದೆ.

ಅವರದು ಪಿಕಪ್ ಬಾಡಿಗೆಯ ಕೆಲಸ. ಕೆಂಪುಕಲ್ಲು, ಶಾಮಿಯಾನದ ಕಂಬ, ಮದುವೆಮನೆಯ ಪಾತ್ರೆ, ಯಾರು ಏನು ಕೊಟ್ಟರೂ ಹೇರಿಕೊಂಡು ಹೋಗುತ್ತಿದ್ದರು. ಸುಮಾರು ಎರಡು ಸಾವಿರದ ಒಂಬತ್ತರಲ್ಲಿ ಸುತ್ತಲಿನ ಪೇಟೆಗಳಲ್ಲಿ ಕೋಳಿ ಅಂಗಡಿಗಳು ಒಂದರ ಹಿಂದೆ ಒಂದು ತೆರೆದವು. ಮಾಂಸ ಗಿರಾಕಿಗೆ ಹೋಯಿತು. ಕರುಳು, ಪುಕ್ಕ, ಚರ್ಮ, ತಲೆ ಅಂಗಡಿಯವನಿಗೆ ಉಳಿಯಿತು. ಅದನ್ನು ಬೆಳಗಾಗುವುದರೊಳಗೆ ಕಣ್ಣಿಗೆ ಕಾಣದ ಹಾಗೆ ಮಾಡುವವನೊಬ್ಬ ಬೇಕಿತ್ತು. ಧರ್ಣಪ್ಪ ಸಿಕ್ಕಿದರು. ಎಲ್ಲಿ ಹಾಕುತ್ತಿ ಎಂದು ಹನ್ನೊಂದು ಅಂಗಡಿಗಳಲ್ಲಿ ಒಬ್ಬರೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಹತ್ತು ವರ್ಷ, ವಾರಕ್ಕೆ ಆರು ದಿನ, ಕೋಳಿ ಕೂಗುವ ಹೊತ್ತಿಗೆ ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿ, ನೀರು ಆಳವಿರುವ ಮೂರನೇ ಕಂಬದ ನೇರಕ್ಕೆ ನಿಲ್ಲಿಸಿ, ಗೋಣಿಗಳನ್ನು ಎತ್ತಿ ಹಾಕಿ ಹೋಗಿಬಿಡುತ್ತಿದ್ದರು.

ಪಾಪ ಅನ್ನಿಸಲಿಲ್ಲವೇ ಎಂದರೆ ಅವರು ತಡಮಾಡದೆ ಉತ್ತರಿಸುತ್ತಾರೆ. “ಇಲ್ಲ. ಸುಳ್ಳು ಯಾಕೆ ಹೇಳುವುದು? ಮೀನು ತಿನ್ನುತ್ತದೆ ಅಂತ ಗ್ರಹಿಸಿದ್ದೆ. ಮಳೆ ಬಂದರೆ ಎಲ್ಲ ಸಮುದ್ರಕ್ಕೆ ಹೋಗುತ್ತದೆ ಅಂತ ಗ್ರಹಿಸಿದ್ದೆ. ಕೆಲಸ ಅಲ್ಲವಾ, ಮುಗಿಸಿ ಬಂದು ಚಹಾ ಕುಡಿಯುತ್ತಿದ್ದೆ.”

ಆದರೆ ಹೊಳೆ ಎಲ್ಲ ತಿಂಗಳೂ ಹರಿಯುವುದಿಲ್ಲ. ಸೇತುವೆಯಿಂದ ಒಂದೂವರೆ ಕಿಲೋಮೀಟರ್ ಕೆಳಗೆ ಕಿಂಡಿ ಅಣೆಕಟ್ಟು ಇದೆ. ಮಳೆ ನಿಂತ ಮೇಲೆ ಅದರ ಕಿಂಡಿಗಳಿಗೆ ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ, ಮೇ ತಿಂಗಳವರೆಗೆ ನೀರು ನಿಲ್ಲಿಸುತ್ತಾರೆ. ಎಪ್ಪತ್ತು ದಾಟಿದ ಕೃಷಿಕ ಚಿನ್ನಯ್ಯ ಆ ಹಲಗೆಗಳ ಉಸ್ತುವಾರಿ. ಮೂವತ್ತು ವರ್ಷದಿಂದ ಹಲಗೆ ಹಾಕಿಸುವವರೂ ತೆಗೆಸುವವರೂ ಅವರೇ. ಕಟ್ಟಿದ ನೀರಿನ ಬದಿಯಲ್ಲೇ ಹೊಳೆಪಲ್ಕೆ ಎಂಬ ಮೂವತ್ತೊಂದು ಮನೆಗಳ ಕೇರಿ, ಆ ಕೇರಿಗೆ ನೀರು ಕೊಡುವ ಬಾವಿ, ಪಂಪು. ಧರ್ಣಪ್ಪ ಡಿಸೆಂಬರಿನಿಂದ ಮೇವರೆಗೆ ಎಸೆದದ್ದೆಲ್ಲ ಸಮುದ್ರಕ್ಕೆ ಹೋಗುತ್ತಿರಲಿಲ್ಲ. ಹಲಗೆಗೆ ಬಂದು ತಾಗಿ ನಿಲ್ಲುತ್ತಿತ್ತು.

ಎರಡು ಸಾವಿರದ ಹತ್ತೊಂಬತ್ತರ ಏಪ್ರಿಲ್. ಎರಡನೇ ವಾರದಲ್ಲಿ ಹೊಳೆಪಲ್ಕೆಯಲ್ಲಿ ವಾಂತಿಭೇದಿ ಶುರುವಾಯಿತು. ಮೊದಲ ದಿನ ಇಬ್ಬರು, ನಾಲ್ಕನೇ ದಿನಕ್ಕೆ ಹದಿನೇಳು ಮಂದಿ, ಅದರಲ್ಲಿ ಒಂಬತ್ತು ಮಕ್ಕಳು. ಈ ಸಂಖ್ಯೆ ಇಂದಿಗೂ ಸಿಗುವುದು ಅಂಗನವಾಡಿ ಟೀಚರ್ ಕುಸುಮ ಅವರ ಹಾಜರಿ ಪುಸ್ತಕದ ಹಿಂಬದಿಯಲ್ಲಿ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ಅವರು ಮನೆ ಮನೆಗೆ ಹೋಗಿ ಬರೆದುಕೊಂಡಿದ್ದರು.

ಐದನೇ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಧರ್ಣಪ್ಪನವರ ಫೋನು ಬಡಿಯಿತು. ಕುಸುಮ ಟೀಚರ್. ಬೀಡಿ ಕಟ್ಟುವ ಬೀಪಾತುಮ್ಮ ಅವರ ಮೊಮ್ಮಗ, ಐದು ವರ್ಷದ ಸಿನಾನ್ ಕಣ್ಣು ತೆರೆಯುತ್ತಿಲ್ಲ. ಆಂಬುಲೆನ್ಸ್ ಇನ್ನೊಬ್ಬ ರೋಗಿಯನ್ನು ಕರೆದುಕೊಂಡು ಮಂಗಳೂರಿಗೆ ಹೋಗಿದೆ. ಗಾಡಿ ತರಬಹುದೇ ಎಂದು ಕೇಳಿದರು. ಧರ್ಣಪ್ಪ ಆರು ನಿಮಿಷದಲ್ಲಿ ಕೇರಿಯ ಬಾಯಿಯಲ್ಲಿದ್ದರು. ಅಂದು ಬೆಳಗ್ಗೆ ಒಂಬತ್ತು ಗೋಣಿ ಎಸೆದು ಬಂದದ್ದು ಅದೇ ಪಿಕಪ್‌ನಿಂದ.

ಬೀಪಾತುಮ್ಮ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಸಿನಾನ್‌ನ ತುಟಿ ಒಣಗಿ ಸೀಳಿತ್ತು, ಕಣ್ಣು ಅರ್ಧ ಮೇಲಕ್ಕೆ ಸಿಕ್ಕಿಕೊಂಡಿತ್ತು. ಮೂಡುಬಿದಿರೆಗೆ ಹದಿನಾರು ಕಿಲೋಮೀಟರ್. ತೊಳೆದರೂ ಬಿಡದ ಕೋಳಿಯ ವಾಸನೆ ಗಾಡಿಯ ಹಿಂಬದಿಯಿಂದ ಬರುತ್ತಿತ್ತು. ದಾರಿಯಲ್ಲಿ ಬೀಪಾತುಮ್ಮ ಒಮ್ಮೆ ಸೆರಗಿನಿಂದ ಮಗುವಿನ ಮೂಗು ಮುಚ್ಚಿದ್ದನ್ನು ಧರ್ಣಪ್ಪ ಕಂಡರು. ಅವರು ಮತ್ತೆ ಆ ಕಡೆ ತಿರುಗಲಿಲ್ಲ.

ಮೂಡುಬಿದಿರೆಯಲ್ಲಿ ಡ್ರಿಪ್ ಹಾಕಿ ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿಗೂ ಅವರೇ ಓಡಿಸಿದರು. ನೀರಿನಿಂದ ಬಂದದ್ದು ಎಂದು ಡಾಕ್ಟರು ಹೇಳುವಾಗ ಔಷಧಿಯ ಚೀಟಿ ಹಿಡಿದು ಅಲ್ಲೇ ನಿಂತಿದ್ದರು. ಯಾವ ನೀರು, ಏನು ಸೇರಿತ್ತು ಎಂದು ಯಾರೋ ಕೇಳಿದರು. ಕೊಳೆತದ್ದು ಏನಾದರೂ ಇರಬಹುದು, ಟಾಂಕಿಗೆ ಕ್ಲೋರಿನ್ ಬೀಳದೆ ಇರಬಹುದು, ಖಚಿತವಾಗಿ ಹೇಳಲಾಗದು ಎಂದು ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ಸಿನಾನ್ ಉಳಿದ. ಆರನೇ ದಿನ ಮನೆಗೆ ಕರೆತರಲು ಧರ್ಣಪ್ಪ ಮತ್ತೆ ಹೋದಾಗ ಅವರ ತಲೆಯ ಮೇಲೆ ಬೀಪಾತುಮ್ಮ ಕೈಯಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಏನೋ ಪ್ರಾರ್ಥಿಸಿದರು. ನಿನ್ನ ಮನೆ ತಣ್ಣಗಿರಲಿ ಮೋನೆ ಎಂದರು. ಬ್ಯಾರಿ ಭಾಷೆಯಲ್ಲಿ ಮೋನೆ ಎಂದರೆ ಮಗನೇ.

“ನನ್ನ ಚೀಲದಿಂದಲೇ ಆದದ್ದು ಅಂತ ಯಾರೂ ಹೇಳಲಿಲ್ಲ,” ಎನ್ನುತ್ತಾರೆ ಧರ್ಣಪ್ಪ. “ಅಲ್ಲ ಅಂತಲೂ ಯಾರೂ ಹೇಳಲಿಲ್ಲ. ಒಂದು ಹೇಳಿದ್ದರೆ ಸಾಕಿತ್ತು. ಇದು ಎರಡೂ ಅಲ್ಲ ನೋಡಿ, ಅದಕ್ಕೆ ಕೂತಲ್ಲಿ ಕೂರ್ಲಿಕ್ಕೆ ಆಗಲಿಲ್ಲ.”

ಸಿನಾನ್ ಮನೆಗೆ ಬಂದ ಮರುದಿನದಿಂದ ಅವರು ಗೋಣಿ ಎಸೆಯಲು ಸೇತುವೆಗೆ ಹೋಗಲಿಲ್ಲ. ಆದರೆ ಅಂಗಡಿಗಳ ಗೋಣಿ ಬಿಡಲೂ ಇಲ್ಲ. ನಾಲ್ಕು ಮೈಲು ದೂರದ ಗುಡ್ಡದಲ್ಲಿ ಕೆಂಪುಕಲ್ಲು ತೆಗೆದು ಬಿಟ್ಟ ಹಾಳು ಕೋರೆ ಇತ್ತು, ಅಲ್ಲಿ ಸುರಿಯತೊಡಗಿದರು. ಹೊಳೆಗಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಜುಲೈಯಲ್ಲಿ ಮಳೆ ಜಡಿಯಿತು. ಕೋರೆ ತುಂಬಿತು, ತುಂಬಿದ್ದು ಒಡೆಯಿತು, ಗುಡ್ಡದಿಂದ ಕೆಂಪು ನೀರು ತೋಡಿಗೆ ಇಳಿಯಿತು. ಒಂದು ಮಧ್ಯಾಹ್ನ ಕೆಂಪುಕಲ್ಲು ಹೇರಿಕೊಂಡು ಸೇತುವೆ ದಾಟುವಾಗ ಧರ್ಣಪ್ಪ ಕೆಳಗೆ ನೋಡಿದರು. ನೊರೆಯ ಮೇಲೆ ಬಿಳಿ ಪುಕ್ಕ ಸಾಲಾಗಿ ತೇಲಿ ಹೋಗುತ್ತಿತ್ತು. ಗುಡ್ಡದ ತೋಡು ಬಂದು ಸೇರುವುದೂ ಅದೇ ಹೊಳೆಗೆ ಎಂಬುದು ಅವರಿಗೆ ಆವತ್ತು ತಿಳಿಯಿತು.

ಆಗಸ್ಟಿನಲ್ಲಿ ಅಂಗನವಾಡಿಯಲ್ಲಿ ಸಭೆ. ಕುಸುಮ ಟೀಚರ್ ಕರೆದದ್ದು. ಹೊಳೆಪಲ್ಕೆಯ ಹೆಂಗಸರು, ಚಿನ್ನಯ್ಯ, ಪೇಟೆಯ ಅಂಗಡಿಯವರು, ಎಲ್ಲ ಸೇರಿ ಐವತ್ತು ಮಂದಿ. ಸೇತುವೆಯಿಂದ ಗೋಣಿ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೇರೆ ಊರಿನವರು ಹಾಕುವುದು ಎಂದು ಎಲ್ಲರೂ ನಂಬಿದ್ದರು. ಅದಕ್ಕೆ ಸೇತುವೆಗೊಂದು ಕ್ಯಾಮೆರಾ ಹಾಕಿಸುವ ಎಂದು ಟೀಚರ್ ಹೇಳುತ್ತಿದ್ದರು. ಯಾವ ಕಂಬಕ್ಕೆ, ಯಾರ ಮನೆಯ ಕರೆಂಟು ಎಂಬಲ್ಲಿಗೆ ಮಾತು ಬಂದಾಗ ಹಿಂದಿನ ಬೆಂಚಿನಿಂದ ಧರ್ಣಪ್ಪ ಎದ್ದು ನಿಂತರು.

“ಕ್ಯಾಮೆರಾ ಬೇಡ ಟೀಚರ್,” ಅಂದರು. “ಅದು ನಾನು.”

ಸಭೆಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಏನೇನಾಯಿತು ಎಂದು ಕುಸುಮ ನೆನಪಿಸಿಕೊಳ್ಳುತ್ತಾರೆ. ಒಬ್ಬರು ಅಂಗಿಯ ಕಾಲರಿಗೆ ಕೈ ಹಾಕಿದರು. ಇನ್ನೊಬ್ಬರು ಪೊಲೀಸರಿಗೆ ಫೋನು ಮಾಡಲು ಹೊರಗೆ ಹೋದರು. ಮಗುವಿಗೆ ತಿಂಗಳುಗಟ್ಟಲೆ ಜೀರ್ಣವಾಗದೆ ನರಳಿದ ತಾಯಿಯೊಬ್ಬಳು ಬೈಯಲೂ ಆಗದೆ ಅತ್ತಳು. ಧರ್ಣಪ್ಪ ಕೈ ಕಟ್ಟಿ ನಿಂತಲ್ಲೇ ನಿಂತಿದ್ದರು. ಆಗ ಎದ್ದವರು ಪೇಟೆಯ ಕೋಳಿ ಅಂಗಡಿಯ ಹನೀಫಾ. ಹದಿನೈದು ವರ್ಷದಿಂದ ಅಂಗಡಿ ನಡೆಸುವವರು, ಮಿತಭಾಷಿ, ಸಭೆಗಳಲ್ಲಿ ಬಾಗಿಲ ಬಳಿ ನಿಂತು ಹೋಗುವವರು.

“ಅವನು ಬಿಸಾಡಿದ್ದು ಅವನದ್ದಲ್ಲ, ನಮ್ಮ ಅಂಗಡಿಯದ್ದು,” ಎಂದರು ಹನೀಫಾ. “ಎಲ್ಲಿಗೆ ಹೋಗ್ತದೆ ಅಂತ ನಾನು ಒಂದು ದಿನ ಕೇಳಿದ್ದಿಲ್ಲ. ಪೊಲೀಸರು ಬರುವುದಾದರೆ ನನ್ನ ಹೆಸರೂ ಬರೆಯಲಿ.”

ಅನಂತರ ಗಲಾಟೆ ಇಳಿಯಿತು. ಕೊನೆಯ ಮಾತು ಚಿನ್ನಯ್ಯನವರದು. ಹೊಳೆಯ ಯಾವ ಗುಂಡಿಯಲ್ಲಿ ಎಷ್ಟು ಉಂಟು ಎಂದು ಈ ಊರಿನಲ್ಲಿ ಗೊತ್ತಿರುವುದು ಇವನೊಬ್ಬನಿಗೆ. ಜೈಲಿಗೆ ಹಾಕಿದರೆ ತೋರಿಸುವವರು ಯಾರು ಎಂದು ಅವರು ಕೇಳಿದರು. ನೀರು ಇಳಿಯಲಿ, ಹಲಗೆ ಹಾಕುವ ಮೊದಲು ಇವನು ಮುಂದೆ ಇಳಿಯಲಿ, ನಾವು ಹಿಂದೆ ಇಳಿಯುವ ಎಂದರು. ಸಭೆ ಒಪ್ಪಿತು. ಕ್ಷಮಿಸಿತು ಎಂದಲ್ಲ. ಎಷ್ಟೋ ಮನೆಗಳವರು ಆಮೇಲೆ ಎರಡು ವರ್ಷ ಧರ್ಣಪ್ಪನವರ ಗಾಡಿಯನ್ನು ಬಾಡಿಗೆಗೆ ಕರೆಯಲಿಲ್ಲ.

ಬೀಪಾತುಮ್ಮ ಆ ಸಭೆಗೆ ಬಂದಿರಲಿಲ್ಲ. ಮೂರು ವಾರದ ಬಳಿಕ ಒಂದು ಸಂಜೆ ಅವರು ತಾವಾಗಿ ಧರ್ಣಪ್ಪನವರ ಮನೆಗೆ ನಡೆದು ಬಂದರು. ಧರ್ಣಪ್ಪ ಹಿತ್ತಿಲ ಬಾಗಿಲಿನಿಂದ ಹೊರಟೇಹೋಗುವವರಿದ್ದರು. ಜಲಜಾಕ್ಷಿ ಅಡ್ಡ ನಿಂತರು. ಬೀಪಾತುಮ್ಮ ಜಗಲಿಯಲ್ಲಿ ಕುಳಿತು, ಕೊಟ್ಟ ನೀರನ್ನು ಕುಡಿದು, ಲೋಟ ಪಕ್ಕಕ್ಕಿಟ್ಟರು. ಹೇಳಲು ತಂದ ಮಾತು ಎರಡೇ.

“ಆಸ್ಪತ್ರೆಯಲ್ಲಿ ನಿನಗೆ ದುವಾ ಮಾಡಿದ್ದೇನೆ ಮೋನೆ. ಕೊಟ್ಟ ದುವಾ ವಾಪಸ್ ತೆಗೊಳ್ಳಲಿಕ್ಕೆ ಬರುವುದಿಲ್ಲ. ಇನ್ನು ನೀನು ಅದಕ್ಕೆ ಸರಿಯಾಗಿ ಇರಬೇಕು.”

ಇದನ್ನು ಹೇಳುವಾಗ ಧರ್ಣಪ್ಪ ಎದ್ದು ಹೋಗಿ ಪಿಕಪ್‌ನ ಟಯರು ಒತ್ತಿ ನೋಡುತ್ತಾರೆ. ಗಾಳಿ ಸರಿಯಾಗಿಯೇ ಇದೆ.

ಆ ವರ್ಷ ನವೆಂಬರಿನಲ್ಲಿ ನೀರು ಸೊಂಟಕ್ಕಿಳಿದಾಗ ನಲವತ್ತು ಮಂದಿ ಹೊಳೆಗೆ ಇಳಿದರು. ಹನ್ನೊಂದು ದಿನದಲ್ಲಿ ಮುನ್ನೂರ ನಲವತ್ತು ಗೋಣಿ ಮೇಲೆ ಬಂತು. ಮೊದಲ ದಿನ ಅರ್ಧದಷ್ಟು ಜನ ವಾಂತಿ ಮಾಡಿಕೊಂಡು ಮನೆಗೆ ಹೋದರು. ಎರಡನೇ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮತ್ತೆ ಬಂದರು. ಗೋಣಿಯ ಜೊತೆಗೆ ಮಕ್ಕಳ ಡಯಾಪರು, ಬಿಯರ್ ಬಾಟಲಿ, ಹಾಳಾದ ಮಿಕ್ಸಿ, ಒಂದು ಇಡೀ ಹಾಸಿಗೆ. ಅದೊಂದೂ ಧರ್ಣಪ್ಪ ಹಾಕಿದ್ದಲ್ಲ. ಹಾಸಿಗೆ ಹೊರಬಂದಾಗ ಇಳಿದವರಲ್ಲೇ ಒಬ್ಬರು ಅದು ತಮ್ಮ ಮನೆಯದು ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡರಂತೆ.

ತೆಗೆಯುವುದು ಸುಲಭವಾಯಿತು; ಮುಂದೆ ಬೀಳದಂತೆ ನೋಡುವುದೇ ಕಷ್ಟ. ಅಂಗಡಿಗಳ ಉಳಿಕೆಗೆ ಒಂದು ಜಾಗ ಬೇಕಿತ್ತು. ಚಿನ್ನಯ್ಯ ತಮ್ಮ ತೆಂಗಿನ ತೋಟದ ಮೂಲೆಯಲ್ಲಿ, ಹೊಳೆಯಿಂದ ದೂರ, ಎತ್ತರದಲ್ಲಿ ಹತ್ತು ಸೆಂಟ್ಸ್ ಬಿಟ್ಟುಕೊಟ್ಟರು. ಅಲ್ಲಿ ತೋಡಿದ ಮೊದಲ ಗುಂಡಿ ನಾರಿತು. ಎಷ್ಟೆಂದರೆ ನೆರೆಮನೆಯವರು ಗೇಟಿಗೆ ಬಂದು ಕುಳಿತರು, ನಾಯಿಗಳು ಕರುಳನ್ನು ಎಳೆದು ರಸ್ತೆಗೆ ತಂದವು. ಊರಿನ ಪಶುವೈದ್ಯರೊಬ್ಬರು ಹೇಳಿಕೊಟ್ಟಂತೆ ಮರದ ಮಿಲ್ಲಿನಿಂದ ಹುಡಿ ತಂದು, ಕೋಳಿಯ ಉಳಿಕೆ ಒಂದು ಪದರ, ಹುಡಿ ಎರಡು ಪದರ, ನಡುವೆ ಸುಣ್ಣ, ಮೇಲೆ ಬಲೆ ಮತ್ತು ಸೋಗೆ ಎಂದು ಕಲಿಯಲು ಏಳು ತಿಂಗಳು ಹಿಡಿಯಿತು. ಈಗ ಆರು ಗುಂಡಿಗಳಿವೆ. ಐವತ್ತು ದಿನಕ್ಕೆ ಉಳಿಕೆ ಕಪ್ಪು ಗೊಬ್ಬರವಾಗುತ್ತದೆ. ಬುಟ್ಟಿಗೆ ಕೈ ಹಾಕಿ ಮೂಗಿಗೆ ಹಿಡಿದರೆ ಮಣ್ಣಿನ ವಾಸನೆ, ಅಷ್ಟೇ.

ಅಂಗಡಿಗಳನ್ನು ಒಪ್ಪಿಸುವ ಕೆಲಸ ಹನೀಫಾ ಅವರದು. ಪೇಟೆಯಿಂದ ಪೇಟೆಗೆ ಸ್ಕೂಟರಿನಲ್ಲಿ ಹೋಗಿ, ಎಲ್ಲಿಗೆ ಹೋಗ್ತದೆ ಅಂತ ಗೊತ್ತುಂಟಾ ಎಂದು ಕೇಳಿ ಅವರು ಮಾತು ಶುರುಮಾಡುತ್ತಾರಂತೆ. ಹನ್ನೊಂದು ಅಂಗಡಿಗಳಿದ್ದದ್ದು ಈಗ ಇಪ್ಪತ್ತೆರಡಾಗಿದೆ. ಡೀಸೆಲ್ಲು, ಮರದ ಹುಡಿ ಮತ್ತು ಧರ್ಣಪ್ಪನವರ ಸಂಬಳವನ್ನು ಅವರೇ ಹಂಚಿಕೊಳ್ಳುತ್ತಾರೆ.

ಈಗಿನ ದಿನಚರಿ ಹೀಗೆ. ಐದಕ್ಕೆ ಏಳುವುದು. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಒಂದು ಗಂಟೆ ನೀರಿನಲ್ಲಿ. ಏಳಕ್ಕೆ ಪಿಕಪ್ ಹೊರಡುತ್ತದೆ. ಮಡಂತ್ಯಾರಿನ ರಸ್ತೆಯವರೆಗೆ ಹೋಗಿ ಬಂದರೆ ನಲವತ್ತಾರು ಕಿಲೋಮೀಟರ್. ಹಿಂದೆ ಮುಚ್ಚಳವಿರುವ ಮೂವತ್ತು ನೀಲಿ ಡ್ರಮ್ಮುಗಳು. ವಾರದ ದಿನ ಆರುನೂರು ಕಿಲೋ, ಆದಿತ್ಯವಾರ ಅದರ ಎರಡು ಪಾಲು. ಹನ್ನೊಂದಕ್ಕೆ ಗುಂಡಿಯ ಬಳಿ, ಒಂದೂವರೆಗೆ ಮನೆ, ಮಧ್ಯಾಹ್ನ ಸಿಕ್ಕಿದರೆ ಬಾಡಿಗೆ. ಸಂಜೆ ಬೈಕಿನಲ್ಲಿ ಎಲ್ಲಿಗೆ ಹೋಗುತ್ತಾರೆ ಎಂದು ಜಲಜಾಕ್ಷಿಗೆ ಗೊತ್ತು, ಆದರೂ ಪ್ರತಿದಿನ ಕೇಳುತ್ತಾರೆ. ಹೋಗುವುದು ಸೇತುವೆಗಳನ್ನು ನೋಡಲಿಕ್ಕೆ.

“ಮೊನ್ನೆ ತಂಗಿಯ ಮಗಳ ಮದುವೆ. ಪಾಯಸ ಬಡಿಸುವ ಮೊದಲೇ ಇವರು ಎದ್ದಾಗಿತ್ತು,” ಎನ್ನುತ್ತಾರೆ ಜಲಜಾಕ್ಷಿ. “ಹಾಲ್‌ನ ಹಿಂದೆ ಒಂದು ತೋಡು ಉಂಟಂತೆ. ಅದರಲ್ಲಿ ಎಂಥ ಉಂಟು ನೋಡ್ಲಿಕ್ಕೆ ಹೋಗಿದ್ದರು ಮಾರಾಯ್ರೆ, ಹೊಸ ಅಂಗಿಯಲ್ಲಿ.”

ಈ ಚಡಪಡಿಕೆಗೆ ಕಾರಣ ಕಳೆದ ಜನವರಿ. ಐದು ವರ್ಷ ಹೊಸ ಗೋಣಿಯೊಂದೂ ಬೀಳದ ಸೇತುವೆಯ ಕೆಳಗೆ ಒಂದು ಬೆಳಗ್ಗೆ ಮೂರು ಸಿಕ್ಕವು. ಮರುದಿನ ಮತ್ತೆ ಮೂರು. ಒಂಬತ್ತು ದಿನ ಹಾಗೆಯೇ. ಅದೇ ಮೂರನೇ ಕಂಬದ ನೇರಕ್ಕೆ. ಯಾವನೋ ಒಬ್ಬ, ತಾನು ಮಾಡಿದ್ದನ್ನೇ, ತಾನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಮಾಡುತ್ತಿದ್ದಾನೆ ಎಂದು ಧರ್ಣಪ್ಪನವರಿಗೆ ಹೊಳೆಯಿತು. ಹತ್ತನೇ ದಿನ ಅವರು ನೀರಿಗಿಳಿಯದೆ ಸೇತುವೆಯ ಮೇಲೆ ಕಾದರು.

ಬಂದದ್ದು ಸಣ್ಣ ಟೆಂಪೊ. ಓಡಿಸುತ್ತಿದ್ದವನು ಮೂವತ್ತೆಂಟರ ರಂಜಿತ್, ಬೇರೆ ಪೇಟೆಯವನು, ಎರಡು ಮಕ್ಕಳ ತಂದೆ. ಹನೀಫಾ ಅವರ ಮಾತಿಗೆ ಒಪ್ಪದ ಐದು ಅಂಗಡಿಗಳ ಉಳಿಕೆ ಅವನ ಗಾಡಿಯಲ್ಲಿತ್ತು. ಧರ್ಣಪ್ಪ ಬೈಯಲಿಲ್ಲ. ಗುಂಡಿಯ ವಿಷಯ ಹೇಳಿದರು, ನನ್ನ ಡ್ರಮ್ಮಿಗೇ ಹಾಕು, ಅಂಗಡಿಯವರಿಗೆ ಹೇಳುವುದೇ ಬೇಡ ಎಂದರು. ರಂಜಿತ್‌ಗೆ ಗಡಿಬಿಡಿ. ನಿಮಗೆ ಸಂಬಳ ಕೊಡುವವರು ಬೇರೆ, ನನಗೆ ಕೊಡುವವರು ಬೇರೆ, ಈ ಮುದುಕನ ಉಪದೇಶ ಕೇಳಿದರೆ ನಾಳೆ ಕೆಲಸ ಇಲ್ಲ ಎಂದು ಗೊಣಗಿ ಗೋಣಿ ಎತ್ತಿದ.

“ಹಾಕು,” ಎಂದರು ಧರ್ಣಪ್ಪ. “ನೀನು ಹಾಕು, ನಾನು ತೆಗೀತೇನೆ. ನಾಳೆಯೂ ಹಾಕು, ನಾಳೆಯೂ ತೆಗೀತೇನೆ. ನಿನ್ನ ಮುಖ ನೋಡಬೇಕಿತ್ತು, ನೋಡಿದೆ.”

ರಂಜಿತ್ ಮೂರನ್ನೂ ಹಾಕಿದ. ಧರ್ಣಪ್ಪ ಅವನೆದುರೇ ಇಳಿಜಾರಿನಲ್ಲಿ ಬೇರು ಹಿಡಿದು ಇಳಿದರು. ಮೊದಲ ಗೋಣಿ ಹೊತ್ತು ಹತ್ತುವಾಗ ಇಬ್ಬನಿಗೆ ಕಾಲು ಜಾರಿ, ಗೋಣಿ ಸಮೇತ ಕಲ್ಲಿನ ಮೇಲೆ ಬಿದ್ದರು. ಬಲಮೊಣಕಾಲಿನ ಚಿಪ್ಪು ಬಿರುಕು ಬಿಟ್ಟಿತು. ಮೇಲೆ ಟೆಂಪೊ ಹೊರಟ ಸದ್ದು ಕೇಳಿಸಿತು. ಪೇಟೆಗೆ ಹಾಲು ಕೊಂಡೊಯ್ಯುವವರು ಬಂದು ಎತ್ತುವವರೆಗೆ ಮುಕ್ಕಾಲು ಗಂಟೆ ಅಲ್ಲೇ ಬಿದ್ದಿದ್ದರು.

ಎರಡು ತಿಂಗಳು ಪ್ಲಾಸ್ಟರಿನಲ್ಲಿ ಕಳೆಯಿತು. ಪಿಕಪ್ಪನ್ನು ಹನೀಫಾ ಓಡಿಸಿದರು. ತಮ್ಮ ಅಂಗಡಿಯನ್ನು ಮಧ್ಯಾಹ್ನದ ಮೇಲೆ ತೆರೆದರು. ನೀರಿಗೆ ಸರದಿಯಂತೆ ಹೊಳೆಪಲ್ಕೆಯವರು ಇಳಿದರು. ಆದರೆ ಆ ಬೆಳಗಿನ ಬಳಿಕ ಸೇತುವೆಯ ಕೆಳಗೆ ಹೊಸ ಗೋಣಿ ಬೀಳಲಿಲ್ಲ. ಕೇಳಿದವರೆಲ್ಲ ಗೆದ್ದಿರಿ ಎಂದರು. ಧರ್ಣಪ್ಪನವರಿಗೆ ಹಾಗನ್ನಿಸುವುದಿಲ್ಲ. ಆ ಐದು ಅಂಗಡಿಗಳು ಇನ್ನೂ ತೆರೆದೇ ಇವೆ, ರಂಜಿತ್‌ನ ಟೆಂಪೊ ಇನ್ನೂ ಓಡುತ್ತಿದೆ.

“ಇಲ್ಲಿ ಹಾಕುವುದಿಲ್ಲ ಅಂದರೆ ಬೇರೆ ಎಲ್ಲೋ ಹಾಕ್ತಾನೆ ಅಂತ ಅರ್ಥ. ನಾನು ಕೋರೆಗೆ ಹಾಕಿದ ಹಾಗೆ,” ಎನ್ನುತ್ತಾರೆ. “ಅವನನ್ನು ಬೈಯಲಿಕ್ಕೆ ನನಗೆ ಬಾಯಿ ಇಲ್ಲ. ಹುಡುಕಬೇಕು ಮಾತ್ರ.” ಅದಕ್ಕೇ ಸಂಜೆಯ ಬೈಕು ಸವಾರಿ. ಈವರೆಗೆ ಹದಿನಾಲ್ಕು ಸೇತುವೆ, ಏಳು ಮೋರಿ ನೋಡಿದ್ದಾರೆ. ರಂಜಿತ್‌ನ ಜಾಗ ಸಿಕ್ಕಿಲ್ಲ. ಬೇರೆಯವರ ಜಾಗಗಳು ಸಿಕ್ಕಿವೆ.

ಕುಸುಮ ಟೀಚರ್ ಈಗಲೂ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಾರೆ. ಪ್ರತಿ ಏಪ್ರಿಲಿಗೊಂದು ಸಾಲು. ಹದಿನೇಳು ಇದ್ದದ್ದು ಮರುವರ್ಷ ಆರಾಯಿತು, ಆಮೇಲೆ ನಾಲ್ಕು, ಕಳೆದ ಏಪ್ರಿಲಿನಲ್ಲಿ ಎರಡು. ಈಗ ಟಾಂಕಿಗೆ ಕ್ಲೋರಿನ್ ಹಾಕುವುದನ್ನೂ ಅವರೇ ನಿಂತು ನೋಡುತ್ತಾರೆ. ಕಡಿಮೆಯಾದದ್ದು ಕ್ಲೋರಿನ್‌ನಿಂದಲೋ ಹೊಳೆಯಿಂದಲೋ ಎಂದು ಕೇಳಿದರೆ ನಗುತ್ತಾರೆ. “ಧರ್ಣಪ್ಪಣ್ಣನಿಗೆ ಅದನ್ನು ಹೇಳಬೇಡಿ. ಎರಡು ಯಾಕೆ, ಸೊನ್ನೆ ಯಾಕಿಲ್ಲ ಅಂತ ಅವರು ನನ್ನನ್ನು ಕೇಳಿ ಆಗಿದೆ.” ಸಿನಾನ್ ಈಗ ಹೈಸ್ಕೂಲು ಸೇರುವ ಹೊತ್ತಿಗೆ ಬಂದಿದ್ದಾನೆ. ಬೀಪಾತುಮ್ಮ ಬೀಡಿ ಬಿಟ್ಟಿದ್ದಾರೆ, ಕಣ್ಣು ಮಂಜಾಗಿದೆ. ಹಬ್ಬಕ್ಕೆ ಧರ್ಣಪ್ಪನವರ ಮನೆಗೆ ಪತ್ತಿರ್ ಎಂಬ ಅಕ್ಕಿರೊಟ್ಟಿ ಕಳಿಸುವುದನ್ನು ಬಿಟ್ಟಿಲ್ಲ.

ಈ ನವೆಂಬರಿನಲ್ಲಿ ಊರಿನ ಯುವಕ ಮಂಡಲದವರು ವಾರ್ಷಿಕೋತ್ಸವಕ್ಕೆ ಧರ್ಣಪ್ಪನವರನ್ನು ಸನ್ಮಾನಿಸುವುದೆಂದು ತೀರ್ಮಾನಿಸಿ ಮನೆಗೆ ಬಂದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಹೆಸರು ಬರೆದ ಫಲಕ. ಅವರು ಒಪ್ಪಲಿಲ್ಲ. ಎರಡು ವರ್ಷ ತನ್ನ ಗಾಡಿ ಕರೆಯದೇ ಇದ್ದವರು ಮಾಡಿದ್ದೇ ಸರಿ, ಶಾಲು ಹೊದೆಸಿದರೆ ಅವರಿಗೆ ಮುಖ ತೋರಿಸುವುದು ಹೇಗೆ ಎಂದು ಕೇಳಿದರು. ಬಂದವರು ಬಿಡಲಿಲ್ಲ; ಏನಾದರೂ ಒಂದು ಕೊಡಬೇಕಲ್ಲ ಎಂದರು. ಆಗ ಧರ್ಣಪ್ಪ ಯೋಚಿಸಿ ಒಂದು ಕೇಳಿದರು. ಆ ದುಡ್ಡಿನಲ್ಲಿ ಸೇತುವೆಯ ಬದಿಯಿಂದ ಹೊಳೆಗೆ ಇಳಿಯಲು ಮೆಟ್ಟಿಲು ಕಟ್ಟಿಕೊಡಿ. ಕೆಂಪುಕಲ್ಲು ತಾನೇ ತಂದು ಹಾಕುತ್ತೇನೆ.

ಮೊಣಕಾಲಿಗೆ ಬೇಕು ಎಂದು ಎಲ್ಲರೂ ತಿಳಿದುಕೊಂಡರು. ಅರ್ಧ ನಿಜ. ಇಳಿಜಾರು ಈಗ ಅವರಿಗೆ ನೋವು ಕೊಡುತ್ತದೆ, ಒಂದೊಂದು ದಿನ ಹತ್ತಿ ಬರಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆದರೆ ಕೆಲಸ ಶುರುವಾಗಿ ಒಂಬತ್ತು ಮೆಟ್ಟಿಲು ಏರಿ ನಿಂತ ಮೇಲೆ ಅವರು ಮೇಸ್ತ್ರಿಯೊಡನೆ ಹಟ ಹಿಡಿದದ್ದು ಅಗಲಕ್ಕಾಗಿ. ಒಬ್ಬ ಇಳಿಯುವಷ್ಟು ಸಾಲದು, ಇಬ್ಬರು ಮೂವರು ಜೊತೆಯಲ್ಲಿ ಇಳಿಯುವಷ್ಟು ಬೇಕು, ಟೀಚರ್ ಮಕ್ಕಳನ್ನು ಕೈ ಹಿಡಿದು ಕರೆತರುವಷ್ಟು ಬೇಕು. ಇನ್ನೂ ಹದಿನಾಲ್ಕು ಮೆಟ್ಟಿಲು ಬಾಕಿ ಇದೆ. ಹಲಗೆ ಹಾಕಿ ನೀರು ಏರುವುದರೊಳಗೆ ಮುಗಿಯಬೇಕು.

ಯಾಕಿಷ್ಟು ಅಗಲ ಎಂದು ಮೇಸ್ತ್ರಿ ಕೇಳಿದಾಗ ಧರ್ಣಪ್ಪ ಹೊಸ ಕಲ್ಲಿನ ಮೇಲೆ ಕೈಯೂರಿ, ನಿಧಾನವಾಗಿ ಕುಳಿತರು.

“ಹತ್ತು ವರ್ಷ ಮೇಲಿನಿಂದ ಬಿಸಾಡಿದ್ದೇನೆ,” ಎಂದರು. “ಆ ಹತ್ತು ವರ್ಷದಲ್ಲಿ ಒಂದು ದಿನವೂ ಇಲ್ಲಿಗೆ ಇಳಿದವನಲ್ಲ.”